ಫೋನಿನಲ್ಲಿ ಕೇಳಿದ ಎಂಜಿನ್

ಫೇರ್‌ಫ್ಯಾಕ್ಸ್
ಫೆಬ್ರುವರಿ 18, 1996

ಪ್ರೀತಿಯ ಅಕ್ಕನಿಗೆ,

ನಮಸ್ಕಾರಗಳು. ಷಾರ್ಲೆಟ್‌ನಲ್ಲಿ ನೀನು, ಭಾವ, ಮಕ್ಕಳು ಎಲ್ಲ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ, ಇವರ ಸ್ನೋಮೊಬೈಲ್ ಒಂದು ಬಿಟ್ಟು. ಆನ್ಸರಿಂಗ್ ಮಷೀನಿನಲ್ಲಿ ನೀನು ಬಿಟ್ಟ ಮೆಸೇಜುಗಳನ್ನೆಲ್ಲ ಕೇಳಿದೆ. ಕೆಲವನ್ನು ನೀನು ಮಾತಾಡುತ್ತಿರುವಾಗಲೇ ಪಕ್ಕದಲ್ಲಿ ನಿಂತು ಕೇಳಿದೆ, ರಿಸೀವರ್ ಎತ್ತಲಿಲ್ಲ. ತಪ್ಪು ತಿಳಿಯಬೇಡ ಎಂದು ಬರೆಯಲು ಹೊರಟಿದ್ದೆ. ಬೇಡ, ಸ್ವಲ್ಪ ತಿಳಿದುಕೋ. ಈ ಮನೆಯ ಫೋನು ನಿನ್ನದೂ ಇವರದೂ ಆಗಿ ಒಂದು ತಿಂಗಳಾಯಿತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಜನವರಿಯ ಹಿಮಪಾತದಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ ಇವರಿಗೆ ಈ ಹುಚ್ಚು ಹತ್ತಿತಲ್ಲ. ಪೇಪರಿನ ಜಾಹೀರಾತು ನೋಡಿ, ಹಿಮದ ಮೇಲೆ ಓಡುವ ಹಳೆಯ ಗಾಡಿಯನ್ನು ಟ್ರೇಲರಿನ ಮೇಲೆ ಹೇರಿಸಿಕೊಂಡು ಬಂದರು. ಮುಂದೆ ಎರಡು ಹಲಗೆ, ಕೆಳಗೆ ರಬ್ಬರ್ ಪಟ್ಟಿ, ನಡುವೆ ಅಪ್ಪನ ಗ್ಯಾರೇಜಿನ ಸ್ಕೂಟರುಗಳಿಗಿದ್ದಂಥದೇ ಟೂ ಸ್ಟ್ರೋಕ್ ಎಂಜಿನ್. ಇವರೋ ಆಫೀಸಿನ ಕಂಪ್ಯೂಟರ್ ಬಿಟ್ಟರೆ ಮನೆಯ ನಲ್ಲಿ ರಿಪೇರಿಯೂ ಬರದ ಮನುಷ್ಯ. ಯಾರೋ ಹೇಳಿದರೆಂದು, ಎಂಜಿನ್ನಿಗೆ ಗಾಳಿ ಹೋಗುವ ಡಬ್ಬಕ್ಕೆ ಡ್ರಿಲ್ಲಿನಿಂದ ತೂತು ಹೊಡೆದರು. ಗಾಳಿ ಜಾಸ್ತಿ ನುಗ್ಗಿದರೆ ಪವರ್ ಜಾಸ್ತಿಯಂತೆ. ಅವತ್ತಿನಿಂದ ಎಂಜಿನ್ನಿಗೆ ಕೆಮ್ಮು. ನಾನು ಅಡುಗೆಮನೆಯಿಂದಲೇ, "ಗಾಳಿ ಜಾಸ್ತಿ ಆದ್ರೆ ಪೆಟ್ರೋಲೂ ಜಾಸ್ತಿ ಬೇಕು ರೀ, ಕಾರ್ಬೊರೇಟರ್‌ಗೆ ದೊಡ್ಡ ಜೆಟ್ ಹಾಕಿ" ಎಂದೆ. ಪೆಟ್ರೋಲ್ ಹಾಯುವ ಆ ಹಿತ್ತಾಳೆ ತುಣುಕಿನ ಹೆಸರು ಇವರು ಕೇಳಿದ್ದೇ ಅವತ್ತು. "ತಡಿ, ರೇಣುಕಾ ಅವರನ್ನೇ ಕೇಳೋಣ" ಎಂದು ಕಾರ್ಡ್‌ಲೆಸ್ ಎತ್ತಿಕೊಂಡರು. ನೀನೂ ದೊಡ್ಡ ಜೆಟ್ ಎಂದೆ. "ನೋಡಿದ್ಯಾ ವಿಜಿ, ಕೇಳಿದ ತಕ್ಷಣ ಹೇಳಿಬಿಟ್ರು!" ಎಂದು ನನಗೇ ಬಂದು ಹೇಳಿದರು.

ಹಾಗೆ ಶುರುವಾಯಿತು. ಇವರು ಗ್ಯಾರೇಜಿನಲ್ಲಿ ಫೋನನ್ನು ಎಂಜಿನ್ನಿಗೆ ಹಿಡಿಯುವುದು, ನೀನು ಅಲ್ಲಿ ಕೂತು ಕೇಳುವುದು. "ಐಡಲ್ ಇಳಿಸಿ ಶಶಿಕಾಂತ್. ಈಗ ರೇಸ್ ಮಾಡಿ. ಹ್ಞಾಂ, ಬಿಡಿ." ನಾನು ಬಾಗಿಲಲ್ಲಿ ಕಾಫಿ ಲೋಟ ಹಿಡಿದುಕೊಂಡು ಹೊಗೆ ಕುಡಿಯುತ್ತಾ ನಿಂತಿರುತ್ತಿದ್ದೆ. ಒಂದು ದಿನ ಮಾನ್ಯಾ, "ಅಮ್ಮ, ದೊಡ್ಡಮ್ಮ ಹತ್ರ ಟಾಕ್ ಮಾಡುವಾಗ ವೈ ಈಸ್ ಡ್ಯಾಡಿ ಸೋ ಹ್ಯಾಪಿ?" ಎಂದು ಕೇಳಿದಳು. ಎಂಟು ವರ್ಷದ ಮಗುವಿಗೆ ಕಾಣುತ್ತದೆ ಅಕ್ಕ. ಊಟದ ಟೇಬಲ್ಲಿನಲ್ಲಿ ನನ್ನ ಜೊತೆ ಇವರ ಮಾತು "ಮೊಸರು ಕೊಡು" ಎನ್ನುವಲ್ಲಿಗೆ ಮುಗಿಯುತ್ತದೆ. ಕೆಟ್ಟದ್ದೇನೋ ನಡೆದಿದೆ ಎಂದು ನಾನು ಹೇಳುತ್ತಿಲ್ಲ. ನಡೆದಿದ್ದರೆ ಜಗಳ ಆಡುವುದಾದರೂ ಸುಲಭವಾಗುತ್ತಿತ್ತು. ಇದು ಬರೀ ಹೊಟ್ಟೆಕಿಚ್ಚು, ಬೇರೆ ಹೆಸರು ಹುಡುಕುವುದಿಲ್ಲ.

ಹೊಸದೇನೂ ಅಲ್ಲ. ಮೈಸೂರಿನ ಗ್ಯಾರೇಜಿನಲ್ಲಿ ಅಪ್ಪ ನಿನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, "ಏನ್ ಹೇಳ್ತಿದೆ ಹೇಳು ಮಗಾ" ಎಂದು ಎಂಜಿನ್ ಕೇಳಿಸುತ್ತಿದ್ದರು. ಗಿರಾಕಿಗಳು ನಿಂತು ನೋಡುತ್ತಿದ್ದರು. ನನ್ನ ಕೈಗೆ ಸೀಮೆಎಣ್ಣೆ ಬಟ್ಟಲು, ತಂತಿ ಬ್ರಷ್ಷು, ಒಂದು ರಾಶಿ ಸ್ಪಾರ್ಕ್ ಪ್ಲಗ್ಗು. ನಿನ್ನ ಕಿವಿಯನ್ನು ನೆಂಟರಿಷ್ಟರೆಲ್ಲ ಹೊಗಳಿದರು. ನನ್ನ ಉಗುರಿನ ಮಸಿ ನೋಡಿ ಅಮ್ಮ ಬೈದಳು. ಆದರೆ ಅಷ್ಟು ಪ್ಲಗ್ ಉಜ್ಜಿದವಳಿಗೆ ಪ್ಲಗ್ಗಿನ ಮುಖ ನೋಡಿ ಹೇಳಲು ಬರುವುದಿಲ್ಲವೇ? ಕಪ್ಪಗಿದ್ದರೆ ಪೆಟ್ರೋಲ್ ಜಾಸ್ತಿ, ಕಾಫಿ ಬಣ್ಣವಾದರೆ ಸರಿ, ಸುಣ್ಣದ ಹಾಗೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಕಾದು ಕಂಗೆಟ್ಟಿದೆ ಎಂದು ಅರ್ಥ. ಇದನ್ನು ಯಾರೂ ನನಗೆ ಹೇಳಿಕೊಡಲಿಲ್ಲ.

ಈ ತಿಂಗಳ ಮೊದಲ ಶನಿವಾರ ಇವರು ಗಾಡಿ ಕಟ್ಟಿಕೊಂಡು ಪಶ್ಚಿಮ ಮೇರಿಲ್ಯಾಂಡಿನ ಬೆಟ್ಟಕ್ಕೆ ಒಬ್ಬರೇ ಹೊರಟರು. ಹಿಂದಿನ ಸಂಜೆ ನೀನು ಹೇಳಿದ್ದನ್ನು ನಾನು ಬೆಡ್‌ರೂಮಿನ ಫೋನಿನಲ್ಲಿ ಕದ್ದು ಕೇಳಿಸಿಕೊಂಡೆ. "ಬೆಟ್ಟ ಹತ್ತೋದಲ್ವಾ, ಚಿಕ್ಕ ಜೆಟ್ ಹಾಕಿ. ಊಟಿಗೆ ಹೋಗೋ ಸ್ಕೂಟರಿಗೆಲ್ಲ ಅಪ್ಪ ಹಾಗೇ ಮಾಡ್ತಿದ್ರು." ಮಾಡುತ್ತಿದ್ದರು, ನಿಜ. ಎತ್ತರದಲ್ಲಿ ಗಾಳಿ ತೆಳು, ಪೆಟ್ರೋಲ್ ಕಮ್ಮಿ ಸಾಕು. ಆದರೆ ಅಪ್ಪನ ಗಿರಾಕಿಗಳು ಊಟಿಗೆ ಹೋಗುತ್ತಿದ್ದುದು ಬೇಸಿಗೆ ರಜೆಯಲ್ಲಿ, ಒಂದು ಸ್ವೆಟರ್ ಹಾಕಿಕೊಂಡು. ಇಲ್ಲಿ ಉಸಿರು ಮೀಸೆಯ ಮೇಲೆ ಐಸ್ ಆಗುವ ಚಳಿ. ಅಷ್ಟು ತಣ್ಣನೆಯ ಗಾಳಿ ದಪ್ಪಗಿರುತ್ತದೆ, ಎತ್ತರದಲ್ಲಿ ಕಮ್ಮಿಯಾದದ್ದನ್ನು ಚಳಿಯೇ ತುಂಬಿಬಿಡುತ್ತದೆ. ಇವರು ಹೊಡೆದ ತೂತು ಬೇರೆ. ಅಲ್ಲಿ ದಕ್ಷಿಣಕ್ಕೆ, ಷಾರ್ಲೆಟ್‌ನಲ್ಲಿ ತೆಳು ಜಾಕೆಟ್ಟಿನಲ್ಲಿ ಓಡಾಡುವ ನಿನಗೆ ಇದು ಹೊಳೆಯಲಿಲ್ಲ.

ಬೆಳಿಗ್ಗೆ ಚಿಕ್ಕ ಜೆಟ್ ಹಾಕಿ ಹಿಂದಿನ ಬಯಲಲ್ಲಿ ಜೋರಾಗಿ ಒಂದು ಸುತ್ತು ಓಡಿಸಿ ಬಂದರು. ನಾನು ಪ್ಲಗ್ ಬಿಚ್ಚಿದೆ. ಬೆಳ್ಳಗಿತ್ತು. ಇವರ ಮುಖದ ಮುಂದೆ ಹಿಡಿದೆ.

"ನೋಡಿ ರೀ, ಪಿಸ್ಟನ್ ಸೀಜ್ ಆಗುತ್ತೆ. ದೊಡ್ಡ ಜೆಟ್ಟೇ ಹಾಕಿ."

"ಬೆಟ್ಟದ ಮೇಲೆ ಹೋದ್ರೆ ಸರಿಹೋಗುತ್ತೆ ಕಣೆ. ರೇಣುಕಾ ಅವರು ಸೌಂಡ್ ಕೇಳಿ ಹೇಳಿದಾರೆ."

"ಅವಳು ಕೇಳಿದಾಳೆ. ನಾನು ಕಣ್ಣಾರೆ ನೋಡ್ತಿದೀನಲ್ಲ?"

"ನೀನು ಪ್ಲಗ್ ಕ್ಲೀನ್ ಮಾಡ್ತಿದ್ದೋಳು ಅಂತ ಅವರೇ ಹೇಳಿದ್ರು, ಬಿಡು."

ಅವರೇ ಎಂದರೆ ನೀನೇ. ತಮಾಷೆಗೆ ಹೇಳಿರುತ್ತೀಯ, ನನಗೆ ಗೊತ್ತು. ಇವರೂ ನಗುತ್ತಲೇ ಹೇಳಿದರು.

ಮುಂದಿನದು ನಿನಗೆ ಗೊತ್ತೇ ಇದೆ. ಕಾಡಿನೊಳಗೆ ಹೋಗಿ ಪೂರ್ತಿ ಥ್ರಾಟಲ್ ಕೊಟ್ಟಿದ್ದಾರೆ, ಪಿಸ್ಟನ್ ಕಚ್ಚಿಕೊಂಡು ಗಾಡಿ ನಿಂತಿದೆ. ಮೊಣಕಾಲುದ್ದದ ಹಿಮದಲ್ಲಿ ನಡೆದು ನಡೆದು, ಕತ್ತಲಾದ ಮೇಲೆ ಒಂದು ಗ್ಯಾಸ್ ಸ್ಟೇಷನ್ ಸೇರಿದರು. ಕಾಲ್ಬೆರಳುಗಳಲ್ಲಿ ಇನ್ನೂ ಸ್ಪರ್ಶ ಸರಿಯಾಗಿ ಬಂದಿಲ್ಲ. ಮಧ್ಯಾಹ್ನವೇ ಫೋನ್ ಮಾಡುತ್ತೇನೆ ಎಂದು ಹೋದವರು. ನಾನು ಫೋನಿನ ಪಕ್ಕ ಬಿಟ್ಟು ಏಳಲಿಲ್ಲ, ಮಗು ಹಾಲಿಗೆ ಸೀರಿಯಲ್ ಹಾಕಿಕೊಂಡು ತಿಂದು ಮಲಗಿತು. ಹೇಳಲು ನಾಚಿಕೆಯಾಗುತ್ತದೆ: ಪಿಸ್ಟನ್ ಕಚ್ಚಿಕೊಂಡ ಸುದ್ದಿ ಬಂದಾಗ, ಅಷ್ಟು ಹೆದರಿಕೆಯ ನಡುವೆಯೂ, ನಾನು ಹೇಳಿದ್ದೇ ಆಯಿತಲ್ಲ, ಅಕ್ಕ ಹೇಳಿದ್ದು ತಪ್ಪಾಯಿತಲ್ಲ ಎಂದು ಒಂದು ಗಳಿಗೆ ಖುಷಿಯಾಯಿತು. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ.

ಈಗ ಹೊಸ ಪಿಸ್ಟನ್ ಹಾಕಿಸಿಕೊಂಡು ಬಂದಿದ್ದಾರೆ. ಇವತ್ತು ಬೆಳಿಗ್ಗೆ ಗ್ಯಾರೇಜಿಗೆ ಇಳಿದ ಕೂಡಲೇ ಕೈ ಫೋನಿಗೆ ಹೋಯಿತು. ನಾನು ಕಿತ್ತುಕೊಂಡು ಬಟ್ಟೆ ಒಣಗಿಸುವ ಡ್ರೈಯರ್ ಮೇಲೆ ಇಟ್ಟೆ. ಕಾರ್ಬೊರೇಟರ್ ಬಿಚ್ಚಿ ದೊಡ್ಡ ಜೆಟ್ ನನ್ನ ಕೈಯಾರೆ ಹಾಕಿದೆ, ಓಡಿಸಿ ಪ್ಲಗ್ ತೆಗೆದು ತೋರಿಸಿದೆ. ಒಳ್ಳೆಯ ಕಾಫಿ ಬಣ್ಣ. ಇವರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, "ಒಂದ್ಸಲ ಅವರಿಗೂ ಕೇಳಿಸಿಬಿಡೋಣ್ವಾ?" ಎಂದರು. ನಾನು ಸ್ಪ್ಯಾನರ್ ಕೆಳಗಿಟ್ಟು ಒಳಗೆ ಬಂದು ಈ ಕಾಗದ ಶುರುಮಾಡಿದೆ.

ನಿನ್ನನ್ನು ಕೇಳಿಕೊಳ್ಳುವುದು ಇಷ್ಟೇ. ಇವರು ಮತ್ತೆ ಫೋನ್ ಮಾಡೇ ಮಾಡುತ್ತಾರೆ. ಆಗ "ವಿಜಿಯನ್ನ ಕೇಳಿ, ಅವಳಿಗೆ ಗೊತ್ತು" ಎಂದು ಹೇಳು. ನೀನು ಹೇಳಿದರೆ ನಂಬುತ್ತಾರೆ. ಅದನ್ನೂ ನಿನ್ನ ಬಾಯಿಂದಲೇ ಹೇಳಿಸಬೇಕಾಗಿದೆ ನೋಡು, ಅದಕ್ಕೂ ಹೊಟ್ಟೆ ಉರಿಯುತ್ತದೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ಚಿಕ್ಕವನ ಕೆಮ್ಮು ಇನ್ನೂ ಬಿಟ್ಟಿಲ್ಲ ಎಂದು ಮೆಸೇಜಿನಲ್ಲಿ ಹೇಳಿದ್ದೆಯಲ್ಲ, ಡಾಕ್ಟರಿಗೆ ತೋರಿಸು. ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ. ನನಗಿಂತ ದೊಡ್ಡವಳಾದ ನಿನಗೆ ನಾನು ಆಶೀರ್ವಾದ ಮಾಡುವ ಹಾಗಿಲ್ಲ, ಆದರೂ ತಣ್ಣಗಿರು ಅಕ್ಕ. ಸಿಟ್ಟಿನಲ್ಲಿ ಹೇಳುತ್ತಿಲ್ಲ.

ನಿನ್ನ ತಂಗಿ,
ವಿಜಯಶ್ರೀ

ವಿ.ಸೂ.: ಇದು ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅವತ್ತು ಗ್ಯಾಸ್ ಸ್ಟೇಷನ್ನಿನ ಪೇಫೋನಿನಿಂದ ಇವರು ಮೊದಲು ಫೋನ್ ಮಾಡಿದ್ದು ನಿನಗೆ, ಕಚ್ಚಿಕೊಂಡ ಪಿಸ್ಟನ್ ಬಿಡಿಸಲು ಆಗುತ್ತಾ ಎಂದು ಕೇಳಲು. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದರೆ, "ಹೇಗೂ ಅವರು ನಿಂಗೆ ಹೇಳ್ತಾರಲ್ಲ ಅಂದ್ಕೊಂಡೆ" ಎಂದರು. ನೀನು ಒಂದು ನಿಮಿಷವೂ ತಡಮಾಡದೆ ನನಗೆ ಫೋನ್ ಮಾಡಿದೆ, ಒಳ್ಳೆಯದನ್ನೇ ಮಾಡಿದೆ. ಆದರೆ ಅಕ್ಕ, ನನ್ನ ಗಂಡ ಬದುಕಿದ್ದಾರೆ ಎಂದು ನನಗೆ ನೀನು ಹೇಳಬೇಕಾಯಿತು.