ಗಾಜಿಗೆ ಪೊರೆ, ನಮಗೆ ಹಾಲು

ಮಾರ್ಚ್ 4, ಸೋಮವಾರ

ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಮತ್ತೆ ಮನೆಗೆ ಓಡಿದೆ. ಮಾಡಿದ್ದೆ. ಅಷ್ಟರಲ್ಲಿ ಬಸ್ಸು ತಡೆದು ನಿಲ್ಲಿಸಿದ್ದಕ್ಕೆ ನಾದಿನಿ ಕಂಡಕ್ಟರನಿಂದ ಬೈಸಿಕೊಂಡಳು.

ಫ್ಯಾಕ್ಟರಿ ಗೇಟಿನಲ್ಲಿ ನೋಡಿದರೆ ಅವಳ ಎಡಗಾಲಿನಲ್ಲಿ ಚಪ್ಪಲಿಯೇ ಇಲ್ಲ. ಬಸ್ಸಿನಲ್ಲೇ ಕಳಚಿದೆ. ಜಲ್ಲಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಬಂದಿದ್ದಾಳೆ, ಗೊತ್ತೇ ಆಗಿಲ್ಲ! ಹೋದ ವಾರವೂ ಹೀಗೇ ಆಗಿತ್ತು.

“ಯಾರ ಧ್ಯಾನದಲ್ಲಿದ್ದೀಯೇ? ಹೆಸರಾದ್ರೂ ಹೇಳು” ಎಂದು ಪಕ್ಕದ ಟೇಬಲಿನ ದಪ್ಪಕ್ಕ ಛೇಡಿಸಿದಳು. ಎಲ್ಲರೂ ನಕ್ಕರು, ನಾದಿನಿಯೂ ನಕ್ಕಳು. ನನಗೆ ನಗು ಬರಲಿಲ್ಲ.

ಹತ್ತಕ್ಕೆ ಕಂಪನಿ ಕೊಡುವ ಹಾಲು ಬಂತು. ನನ್ನ ಲೋಟದಲ್ಲಿ ಅರ್ಧ ಅವಳಿಗೆ ಸುರಿದೆ, ದಿನಾ ಮಾಡುವ ಹಾಗೆ. ಅವಳದು ಒರೆಸುವ ಟೇಬಲ್. ಫೋನಿನ ಗಾಜಿಗೆ ಲಿಕ್ವಿಡ್ ಹಚ್ಚಿ ಜಿಡ್ಡು ತೆಗೆಯಬೇಕು. ಮೊದಲು ಸ್ಪಿರಿಟ್ ಇತ್ತು. ಇದು ಹೊಸದು, ಕಣ್ಣು ಮಿಟುಕಿಸುವಷ್ಟರಲ್ಲಿ ಒಣಗುತ್ತದೆ. ಅವಳು ಒರೆಸಿ ಕೊಟ್ಟ ಗಾಜಿಗೆ ಗೀರು ಬೀಳದಂತೆ ನಾನು ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಅಂಟಿಸುತ್ತೇನೆ. ವಿಷದ ವಾಸನೆಗೆ ಹಾಲೇ ಔಷಧಿ ಅಂತಾರೆ. ಅವಳು ಕುಡಿಯಲಿ.

ಮಾರ್ಚ್ 8

ಬೆಳಗ್ಗೆ ರವಿಕೆ ಹುಕ್ಕು ಹಾಕಿಕೊಳ್ಳಲು ಅವಳಿಗೆ ಆಗಲಿಲ್ಲ. “ಬೆರಳು ಮಲಗಿಬಿಟ್ಟಿದೆ ಅತ್ತಿಗೆ, ನೀವೇ ಹಾಕಿ” ಅಂದಳು. ಹಾಕಿದೆ.

ಎಕ್ಸಾಸ್ಟ್ ಫ್ಯಾನ್ ವಿಷಯ ಇವತ್ತು ಕೇಳಿಯೇ ಬಿಟ್ಟೆ. ಗೋಡೆಯಲ್ಲಿ ದೊಡ್ಡ ಫ್ಯಾನಿದೆ, ಬಾಯಿಗೆ ರಟ್ಟು ಬಡಿದಿದ್ದಾರೆ. ಕಿಟಕಿಗಳೂ ಬಂದ್. ಸೂಪರ್‌ವೈಸರ್‌ಗೆ ನಾವಿಟ್ಟ ಹೆಸರು ಆಯ್ತಾಯ್ತು. ಏನು ಹೇಳಿದರೂ ಆಯ್ತಾಯ್ತು ಅನ್ನುತ್ತಾನೆ, ಏನೂ ಆಗುವುದಿಲ್ಲ. ಇದಕ್ಕೆ ಮಾತ್ರ ಅದನ್ನೂ ಅನ್ನಲಿಲ್ಲ.

“ಫ್ಯಾನ್ ಹಾಕಿದ್ರೆ ಧೂಳು ಏಳುತ್ತಮ್ಮ. ಗಾಜಿನ ಮೇಲೆ ಕೂತ್ರೆ ಮಾಲು ವಾಪಸ್ ಬರುತ್ತೆ.”

“ನಮಗೆ ತಲೆ ಸುತ್ತುತ್ತೆ ಸಾರ್.”

“ಅದಕ್ಕೇ ತಾನೇ ಹಾಲು ಕೊಡ್ತಿರೋದು?”

ಸುಮ್ಮನೆ ಬಂದು ಕೂತೆ. ಯಾಕೆ ಸುಮ್ಮನೆ ಬಂದೆ! ಬಾಯಿಗೆ ಏನು ಬಡಿದಿತ್ತು ನನಗೆ?

ಮಾರ್ಚ್ 10

ಮೆಟ್ಟಿಲಲ್ಲಿ ಬಿದ್ದಳು. ಹಲ್ಲು ತುಟಿಗೆ ಚುಚ್ಚಿ ರಕ್ತ ಬಂತು. “ಫೋನ್ ನೋಡ್ಕೊಂಡು ನಡೀತಾಳೆ, ಇನ್ನೇನಾಗುತ್ತೆ” ಅಂದರು ಇವರು. ಸ್ವಂತ ತಂಗಿ! “ಫೋನ್ ಚಾರ್ಜಿಗೆ ಇತ್ತು. ಗೋಡೆಗೆ ನೇತಾಡ್ತಿತ್ತು, ಕಣ್ಣು ಬಿಟ್ಟು ನೋಡಿ” ಅಂದೆ. ಮದುವೆಯಾದ ಮೇಲೆ ಇವರ ಮೇಲೆ ಇಷ್ಟು ಜೋರಾಗಿ ಕೂಗಿದ್ದು ಇದೇ ಮೊದಲು. ಇವರು ಎದ್ದು ಹೊರಗೆ ಹೋದರು. ಬರುವಾಗ ಆಸ್ಪತ್ರೆಗೆ ಆಟೋ ಹೇಳಿ ಬಂದಿದ್ದರು.

ಮಾರ್ಚ್ 12, ಸಂಜೆ

ನರದ ಡಾಕ್ಟರು, ಹೆಂಗಸು. ಸುತ್ತಿಗೆಯಿಂದ ಮಂಡಿಗೆ ತಟ್ಟಿದರು, ಕಾಲು ಅಲ್ಲಾಡಲಿಲ್ಲ. ಸೂಜಿಯಿಂದ ಪಾದ ಚುಚ್ಚಿದರು. ನಾನು ಹಾ ಅಂದೆ, ಅವಳು ಅನ್ನಲಿಲ್ಲ.

ಏನು ಕೆಲಸ ಎಂದು ಕೇಳಿದರು. ಅವಳ ಬ್ಯಾಗಿನಲ್ಲಿ ಒರೆಸುವ ಬಟ್ಟೆ ಇತ್ತು, ತೆಗೆದು ಕೊಟ್ಟೆ. ಮೂಸಿ ನೋಡಿ ಮುಖ ಕಿವುಚಿದರು.

ನಾನು ಏಳನೇ ಕ್ಲಾಸಿಗೆ ಬಿಟ್ಟವಳು, ನಿಧಾನ ಹೇಳಿ ಅಂದೆ. ಹೇಳಿದರು. ನೆನಪಿರುವಷ್ಟು ಬರೆಯುತ್ತೇನೆ, ಮರೆತರೆ ಕಷ್ಟ.

“ಮೈಯಲ್ಲಿರೋದೆಲ್ಲ ಜೀವಕೋಶ. ಒಂದೊಂದರ ಸುತ್ತಲೂ ಒಂದು ಪೊರೆ, ಹಾಲಿನ ಕೆನೆಗಿಂತ ಎಷ್ಟೋ ತೆಳ್ಳಗೆ. ಒಳಗೆ ಏನು ಬರಬೇಕು, ಏನು ಹೋಗಬೇಕು ಅಂತ ಕಾಯೋದು ಅದು. ಆ ಪೊರೆ ಮಾಡಿರೋದೇ ಕೊಬ್ಬಿನಿಂದ. ಈ ಲಿಕ್ವಿಡ್ ಕೆಲಸ ಏನು?”

“ಜಿಡ್ಡು ತೆಗೆಯೋದು.”

“ಗಾಜಿನ ಜಿಡ್ಡು ಯಾವುದು, ನಿಮ್ಮ ಜಿಡ್ಡು ಯಾವುದು, ಅದಕ್ಕೇನು ಗೊತ್ತು? ಉಸಿರಲ್ಲಿ ಒಳಗೆ ಹೋಗುತ್ತೆ, ಪೊರೆಗೆ ನುಗ್ಗುತ್ತೆ. ದೇಹ ಅದನ್ನ ಕರಗಿಸೋಕೆ ಹೋದ್ರೆ ಇನ್ನೂ ಕೆಟ್ಟ ವಿಷ ಆಗಿ ನರಕ್ಕೆ ಹೊಡೆಯುತ್ತೆ. ಉದ್ದದ ನರಕ್ಕೇ ಮೊದಲ ಏಟು. ಅದಕ್ಕೇ ಪಾದ.”

ಹಾಲು ಕುಡಿಸ್ತಿದ್ದೀನಿ ಡಾಕ್ಟ್ರೇ, ನನ್ನದೂ ಸೇರಿಸಿ ಅಂದೆ.

ಅವರು ನನ್ನನ್ನೇ ನೋಡಿದರು. “ಹಾಲು ಹೊಟ್ಟೆಗೆ ಹೋಗುತ್ತೆ. ಇದು ಹೋಗೋದು ಶ್ವಾಸಕೋಶಕ್ಕೆ. ಇಬ್ರೂ ಎಲ್ಲಿ ಭೇಟಿ ಆಗ್ತಾರಮ್ಮ?”

ಮತ್ತೆ ಏನು ಕಾಪಾಡುತ್ತೆ ಅಂದೆ. “ಗಾಳಿ. ಲಿಕ್ವಿಡ್ ಒಳಗೆ ಇಳಿಯದ ಗ್ಲೌಸು. ದೂರ ಇರೋದು. ಕೆಟ್ಟ ಪೊರೆ ರಿಪೇರಿ ಮಾಡ್ಕೊಳ್ಳೋ ಶಕ್ತಿ ದೇಹಕ್ಕಿದೆ, ಬಿಡುವು ಬೇಕು ಅಷ್ಟೆ. ನೀವು ದಿನಾ ಒರೆಸ್ತಾನೇ ಇದ್ರೆ ಅದು ಯಾವಾಗ ಮಾಡ್ಬೇಕು?”

ನಡೆಯುತ್ತಾಳಾ ಎಂದು ಕೇಳಿದೆ. ನಡೆಯಬಹುದು, ತಿಂಗಳುಗಟ್ಟಲೆ ಹಿಡಿಯುತ್ತೆ, ಪೂರ್ತಿ ಸರಿಹೋಗುತ್ತೆ ಅಂತ ಮಾತು ಕೊಡಲ್ಲ ಅಂದರು.

ನಮ್ಮ ಗ್ಲೌಸು ಹತ್ತಿಯದು. ಗಾಜಿನ ಮೇಲೆ ಬೆರಳಚ್ಚು ಬೀಳಬಾರದು ಅಂತ ಕೊಟ್ಟದ್ದು. ಗ್ಲೌಸೂ ಗಾಜಿಗೆ, ಪೊರೆಯೂ ಗಾಜಿಗೆ, ಮುಚ್ಚಿದ ಕಿಟಕಿಯೂ ಗಾಜಿಗೆ!

ಏಪ್ರಿಲ್ 2

ಬರೆಯಲಿಲ್ಲ. ಪೆನ್ನು ಹಿಡಿದರೆ ಹಾಳೆ ಹರಿಯುವಷ್ಟು ಸಿಟ್ಟು.

ನಾದಿನಿ ಗೋಡೆ ಹಿಡಿದು ನಡೆಯುತ್ತಾಳೆ. ಅವಳ ಜಾಗಕ್ಕೆ ನನ್ನನ್ನು ಹಾಕಿದ್ದಾರೆ. ಡಾಕ್ಟರು ಹೇಳಿದ್ದನ್ನು ದಪ್ಪಕ್ಕನಿಗೂ ಉಳಿದವರಿಗೂ ಹೇಳಿದ್ದೇನೆ. ಕೆಲಸ ಬಿಡು ಅನ್ನುತ್ತಾರೆ ಇವರು. ಬಿಟ್ಟರೆ ಆ ಕುರ್ಚಿಗೆ ಇನ್ನೊಬ್ಬಳು ಬರುತ್ತಾಳೆ ಅಷ್ಟೆ.

ಇವತ್ತು ಆಯ್ತಾಯ್ತು ಮನೆಗೆ ಬಂದ. ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಎರಡು. “ಕಂಪನಿ ಕಡೆಯಿಂದ. ಕುಡ್ದು ಬೇಗ ಹುಷಾರಾಗಿ ಬರ್ಲಿ.”

ಇವರು ಕುರ್ಚಿ ಹಾಕಿದರು. ನಾನು ಪ್ಯಾಕೆಟ್ಟು ಇಸಿದುಕೊಂಡು ಅವನ ಎದುರೇ ಸಿಂಕಿನಲ್ಲಿ ಕತ್ತರಿಸಿ ಸುರಿದೆ. ಅರ್ಧ ನನ್ನ ಸೀರೆಗೇ ಬಿತ್ತು. “ಆಯ್ತಾ ಸಾರ್?” ಅಂದೆ. ಅವನು ಆಯ್ತಾಯ್ತು ಅನ್ನದೆ ಹೋದ.

ಆಮೇಲೆ ಭಯ. ಬಾಗಿಲ ಚಿಲಕ ಎಷ್ಟು ಸಲ ನೋಡಿದೆನೋ.

ಏಪ್ರಿಲ್ 5

ಕುರ್ಚಿ ಎಳೆದು ಹತ್ತಿ ಫ್ಯಾನಿನ ರಟ್ಟು ಕಿತ್ತೆ. ಉಗುರು ಮುರಿಯಿತು. ಸ್ವಿಚ್ ಹಾಕಿದೆ. ಫ್ಯಾನು ಕೆಮ್ಮಿ ಕೆಮ್ಮಿ ತಿರುಗಿತು. ಒರೆಸಿದ ಗಾಜಿನ ಮೇಲೆಲ್ಲ ಕಪ್ಪು ಧೂಳು!

“ಯಾರು ಹಾಕಿದ್ದು?” ಎಂದು ಆಯ್ತಾಯ್ತು ಕೂಗಿದ.

“ನಾನು.” ನನ್ನ ದನಿ ಇಲಿಯ ಹಾಗೆ ಬಂತು. ಬಂತು ಅಷ್ಟೇ ಸಾಕು.

ಅವನು ಆಫ್ ಮಾಡಿದ. ನಾನು ಹಾಕಿದೆ. ಆಫ್ ಮಾಡಿ ಬಾಗಿಲ ಪಕ್ಕದ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತ. ಅಷ್ಟರಲ್ಲಿ ಹಾಲು ಬಂತು.

ದಪ್ಪಕ್ಕ ತನ್ನ ಲೋಟ ಒಯ್ದು ಅವನ ಮೇಜಿನ ಮೇಲೆ ಇಟ್ಟಳು. “ನೀವೇ ಕುಡೀರಿ ಸಾರ್. ದಿನಾ ಬಾಗಿಲಲ್ಲೇ ನಿಲ್ತೀರಲ್ಲ, ಒಳಗೆ ಬರೋ ಧೈರ್ಯ ಬರ್ಲಿ.” ಯಾರೋ ಕಿಸಕ್ಕೆಂದರು. ಇನ್ನೊಬ್ಬಳು ಇಟ್ಟಳು, ಮತ್ತೊಬ್ಬಳು. ಮೇಜು ತುಂಬಿ ನೆಲದ ಮೇಲೂ ಲೋಟಗಳು. ಯಾರೂ ಒರೆಸುವ ಬಟ್ಟೆ ಮುಟ್ಟಲಿಲ್ಲ. ಹಾಲು ಆರಿ ಕೆನೆ ಕಟ್ಟಿತು. ನೋಡುತ್ತಾ ಕೂತೆವು.

ಊಟದ ಹೊತ್ತಿಗೆ ಮ್ಯಾನೇಜರ್ ಹೇಳಿ ಕಳಿಸಿದ್ದಾರೆ. ನಾಳೆ ಒಂಬತ್ತಕ್ಕೆ ಅವರ ಆಫೀಸಿಗೆ ಬರಬೇಕಂತೆ, ನಾನೊಬ್ಬಳೇ. ನಾವೂ ಬರ್ತೀವಿ ಎಂದಳು ದಪ್ಪಕ್ಕ. ಬರುತ್ತಾಳಾ? ರಾತ್ರಿ ಕಳೆದರೆ ಮನಸ್ಸು ಬದಲಾದರೆ?

ಈಗ ಸಂಜೆ. ನಾಳೆ ಹೇಳುವುದನ್ನು ಬರೆದು ಬಾಯಿಪಾಠ ಮಾಡಬೇಕು, ಇಲ್ಲವಾದರೆ ನಾಲಿಗೆ ಒಣಗುತ್ತದೆ. ಜೀವಕೋಶ, ಪೊರೆ, ಕೊಬ್ಬು... ಯಾವುದು ಮೊದಲು? ತಪ್ಪು ಹೇಳಿದರೆ ನಗುತ್ತಾರೆ.

ನಾದಿನಿ ಬಚ್ಚಲಿಗೆ ಹೊರಟಿದ್ದಾಳೆ, ಗೋಡೆ ಹಿಡಿದು. ಬಾಗಿಲ ಹತ್ತಿರ ನಿಂತು ಕೇಳಿದಳು:

“ಅತ್ತಿಗೆ, ಚಪ್ಪಲಿ ಕಾಲಲ್ಲಿ ಇದೆಯಾ ನೋಡಿ.”

ಇದೆ ಅಂದೆ. ಇರಲಿಲ್ಲ.

ಪೊರೆಯೂ ಬೇಡ, ಕೊಬ್ಬೂ ಬೇಡ. ನಾಳೆ ಮೊದಲ ಮಾತು ಇದೇ. ಸಾರ್, ನಮ್ಮ ನಾದಿನಿ ಈಗ ಚಪ್ಪಲಿ ಕಾಲಲ್ಲಿ ಇದೆಯಾ ಅಂತ ನನ್ನನ್ನ ಕೇಳ್ತಾಳೆ.