ಹಿಂದಿನ ಸೀಟಿನ ಪದ್ಯ

ಗುಡುಗಮ್ಮಾ,

ಪ್ರಾರ್ಥನೆಗೆ ಹೊರಟಿದ್ದೇನೆ. ಹಾಲು ಕಾಯಿಸಿಟ್ಟಿದೆ, ಕುಡಿದು ಬೈಕಿನ ಕೆಲಸಕ್ಕೆ ಕೂರು.

ನೀನು ಆಸೆಪಟ್ಟು ಹಾಕಿಸಿದ ಆ ಗುಡುಗುವ ಸೈಲೆನ್ಸರನ್ನು ಕಿತ್ತೆಸೆ ಎನ್ನುವುದಿಲ್ಲ. ಸದ್ದು ತಗ್ಗಿಸಲು ಅದರ ಬಾಯಿಗೆ ಕೂರಿಸುವ ಕೊಳವೆಯನ್ನು ಅಟ್ಟಕ್ಕೆ ಎಸೆದಿದ್ದೆಯಲ್ಲ, ಅದನ್ನು ಹುಡುಕಿ, ಒರೆಸಿ ಮೇಜಿನ ಮೇಲಿಟ್ಟಿದ್ದೇನೆ. ಮೆಕ್ಯಾನಿಕ್ ಹೇಳಿದಂತೆ ಗ್ಲಾಸ್ ವೂಲ್ ಎಂಬ ಗಾಜಿನ ಹತ್ತಿ ಸುತ್ತಿ ಕೂರಿಸು. ಕೈಗವಸು ಹಾಕಿಕೋ, ಚರ್ಮಕ್ಕೆ ತಾಗಿದರೆ ನವೆ. ಬೋಲ್ಟು ಬಿಗಿಯಾಗಿರಲಿ, ಹೆದ್ದಾರಿಯಲ್ಲಿ ಉದುರಿದರೆ ಹಿಂದೆ ಬರುವವರ ಗತಿ?

ಕಳೆದ ಸಲ ನಿನ್ನ ಬೆನ್ನ ಹಿಂದೆ ಕೂತು, ಚಿಕ್ಕಂದಿನಲ್ಲಿ ಅಕ್ಕ ಕಲಿಸಿದ ಪದ್ಯಗಳನ್ನೆಲ್ಲ ಹೇಳುತ್ತಾ ಬಂದೆ. ಬಯಲು ತೇಲಿ ಹೋಗುತ್ತಿತ್ತು, ಮೋಡವೊಂದು ನಮ್ಮ ಜೊತೆಗೇ ಬರುತ್ತಿತ್ತು. ನಾನು ಮತ್ತೆ ಮಗುವಾಗಿ ಅಕ್ಕನ ಮಗ್ಗುಲಲ್ಲಿ ಮಲಗಿದ್ದಂತಿತ್ತು. ಆ ಸದ್ದಿನಲ್ಲಿ ಒಂದು ಸಾಲಾದರೂ ನಿನಗೆ ಕೇಳಿಸಿತೇ? ಗಾಡಿ ನಿಲ್ಲಿಸಿ ನೀನು ಕೇಳಿದ್ದೇನು? “ಅಪ್ಪಾ, ಒಳ್ಳೇ ನಿದ್ದೆ ಬಂತಾ?”

ನಾಳೆ ನಮ್ಮ ಅಕ್ಕನ ಹಾಸಿಗೆ ಪಕ್ಕ ಕೂತು ಅವೇ ಪದ್ಯಗಳನ್ನು ಹೇಳಬೇಕು. ಅವಳಿಗೀಗ ಮಾತು ನಿಂತಿದೆ, ಕಿವಿ ಮಾತ್ರ ಮೊದಲಿನಷ್ಟೇ ಚುರುಕು. ಅವಳ ಮುಖ ನೋಡಿದರೆ ನನಗೆ ಸಾಲು ಮರೆಯುತ್ತದೆ. ಮೊದಲೆಲ್ಲ ಮರೆತಲ್ಲಿ ಅವಳೇ ಎತ್ತಿಕೊಡುತ್ತಿದ್ದಳು. ನಾಳೆ ನೀನು ಎತ್ತಿಕೊಡಬೇಕು. ದಾರಿಯುದ್ದಕ್ಕೂ ಹೇಳುತ್ತೇನೆ, ಕೇಳಿಸಿಕೊಳ್ಳುತ್ತಾ ಓಡಿಸು.

ಹಾಗಂತ ಸದ್ದು ಪೂರ್ತಿ ಅಡಗಿಸಬೇಡ ತಾಯಿ. ಒಂದೇ ವೇಗದಲ್ಲಿ ಹೋಗುವಾಗ ಕೆಳಗಿನಿಂದ ಬರುವ ಆ ಗುಂಯ್ ನನ್ನ ಶ್ರುತಿಗೆ ಸರಿಯಾಗಿ ಕೂರುತ್ತದೆ.

— ಹಿಂದಿನ ಸೀಟಿನ ಅಪ್ಪ