ಹೂಯಿಯಾಳ ನೆಲಕ್ಕೆ

ತೌಪೊ ಸರೋವರದ ದಂಡೆ, ಬುಧವಾರ

ಪ್ರೀತಿಯ ಅಜ್ಜಿಗೆ, ನಿಮ್ಮ ಮೊಮ್ಮಗ ತಮಾತಿಯ ಹೆಂಡತಿ ನೈರಿ ಬರೆಯುವುದು.

ಪಕ್ಕದ ಡೇರೆಯವರು ನಾಳೆ ನಿಮ್ಮೂರಿಗೆ ಹೊರಟಿದ್ದಾರೆ, ಈ ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ನಾವು ಶನಿವಾರ ಬರುತ್ತೇವೆ. ತಮಾತಿ ಸಿಕ್ಕ ಹೊಳೆಗೆಲ್ಲ ದೋಣಿ ಇಳಿಸುತ್ತಾನೆ, ಅದಕ್ಕೇ ತಡ. ನಾಲ್ಕು ತಿಂಗಳ ಮಗಳು ಹೂಯಿಯಾ ಬಿಸಿನೀರಿನ ಬುಗ್ಗೆ ಕಂಡರೆ ಕೈಕಾಲು ಬಡಿಯುತ್ತಾಳೆ. ನಾನು ಮಾತ್ರ ಈ ನೆಲ ಹೊಗೆಯಾಡುವಲ್ಲೆಲ್ಲ ಅವಳನ್ನು ಅವಚಿಕೊಂಡು ಹಿಂದೆ ಸರಿಯುತ್ತೇನೆ. ಅವಳು ಮಲಗಿದರೂ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿರುತ್ತೇನೆ.

ಅವಳು ಹುಟ್ಟಿದಾಗಿನ ಮಾಸು, ಇಷ್ಟು ದಿನ ಮನೆಯ ಫ್ರೀಜರಿನಲ್ಲಿಟ್ಟಿದ್ದು, ಈಗ ಐಸ್ ಪೆಟ್ಟಿಗೆಯಲ್ಲಿ ಜೋಪಾನವಾಗಿದೆ. ನಿನ್ನೆ ತಮಾತಿ ತಾನು ಹಿಡಿದ ಮೀನನ್ನು ಅದರೊಳಗೇ ಇಡಲು ಹೋದ. "ಏ ಮಾರಾಯ, ತಿನ್ನೋದನ್ನ ಅದರ ಜೊತೆ ಇಡ್ತಾರೇನೋ? ಅಜ್ಜಿಗೆ ಗೊತ್ತಾದ್ರೆ ನಿನ್ನನ್ನೇ ಹೂಳ್ತಾರೆ!" ಎಂದು ಕಿರುಚಿದೆ. "ಅಜ್ಜಿಗೆ ಹೇಳ್ಬೇಡ ಕಣೇ" ಎಂದು ಮೀನನ್ನು ಪಕ್ಕದ ಡೇರೆಗೆ ಕೊಟ್ಟುಬಂದ. ಹೇಳಿಬಿಟ್ಟೆ, ಬೈಯಬೇಡಿ.

ನಿಮ್ಮವರೆಲ್ಲರ ಮಾಸು ಹೂತಿರುವ ಗುಡ್ಡದಲ್ಲೇ ಗುಂಡಿ ತೋಡಿಸುತ್ತೀರಲ್ಲವೇ? ಆಮೇಲೆ ಅವಳು ಎಲ್ಲಿಗೇ ಹೋದರೂ ತನ್ನ ನೆಲ ಯಾವುದೆಂದು ಅವಳಿಗೆ ಗೊತ್ತಿರುತ್ತದೆ.

ಇನ್ನೊಂದು ಮಾತಿದೆ, ತಮಾತಿಗೂ ಹೇಳಿಲ್ಲ. ನಾನು ಹುಟ್ಟಿದಾಗ ನನ್ನ ಮಾಸನ್ನು ಆಸ್ಪತ್ರೆಯಲ್ಲಿ ಸುಟ್ಟುಬಿಟ್ಟರಂತೆ. ಅಮ್ಮನಿಗೂ ತನ್ನವರ ಊರು ತಿಳಿದಿರಲಿಲ್ಲ. "ನೀನು ಯಾವ ಕಡೆಯವಳಮ್ಮಾ?" ಎಂದು ಹಿರಿಯರು ಕೇಳಿದರೆ ನಾನು ಬಾಡಿಗೆ ಮನೆಯ ಬೀದಿಯ ಹೆಸರು ಹೇಳುತ್ತೇನೆ. ನೀವು ಒಪ್ಪಿದರೆ ಗುಂಡಿ ಸ್ವಲ್ಪ ಅಗಲವಾಗಿರಲಿ, ಅಜ್ಜಿ. ಮಗಳ ಮಾಸಿನ ಪಕ್ಕದಲ್ಲಿ ನನ್ನ ಒಂದು ಹಿಡಿ ಕೂದಲನ್ನೂ ಇಡುತ್ತೇನೆ. ಆಗದಿದ್ದರೆ ಬಾಯಿಬಿಟ್ಟು ಹೇಳಬೇಡಿ. ಗುಂಡಿ ನೋಡಿದರೆ ನನಗೆ ತಿಳಿಯುತ್ತದೆ.

ನಿಮ್ಮ
ನೈರಿ